ಬೆಳಗ್ಗೆಯೇ ಕೊಂಡ ಕಂಪ್ಯೂಟರ್

ಹಳೆಯ ಆಟಗಳಿಗೆಂದು ಅಗ್ಗದ ಕಂಪ್ಯೂಟರ್ ಒಂದನ್ನು ಜೋಡಿಸಲೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಆ ಮಧ್ಯಾಹ್ನ ಸುಮ್ಮನೆ ವಿಚಾರಿಸಲು ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು ಸಿಡುಕಿದ.

“ಬೆಳಗ್ಗೆನೇ ನೀವು ಎಲ್ಲಾ ಪಾರ್ಟ್ಸ್ ತಗೊಂಡು ಹೋದ್ರಲ್ಲ! ವಾಪಸ್ ತಗೊಳಲ್ಲ, ನಡೀರಿ.”

ನಾನು ಆ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ನನ್ನನ್ನು ಕಂಡವಳೇ ಗೋಡೆಗೆ ಒತ್ತಿಕೊಂಡಳು. “ನೀವು ರೂಮಲ್ಲಿದ್ರಲ್ಲ... ಊಟಕ್ಕೆ ಕರೆದಿದ್ದಕ್ಕೆ ಈಗಷ್ಟೇ ಬೈದ್ರಲ್ಲ!”

ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಕೀಬೋರ್ಡಿನ ಟಕಟಕ ಕೇಳುತ್ತಿತ್ತು. ನಾನು ತಟ್ಟಿದೊಡನೆ ಸದ್ದು ನಿಂತಿತು. ಬಾಗಿಲು ಒಡೆದು ನೋಡಿದರೆ ನಾನು ಕೊಂಡೇ ಇರದ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಆಟ ನಡೆಯುತ್ತಿತ್ತು, ಕುರ್ಚಿ ಇನ್ನೂ ಬೆಚ್ಚಗಿತ್ತು, ಯಾರೂ ಇರಲಿಲ್ಲ.

ಒಳಗಿದ್ದವನು ಏನೆಂದು ಬೈದನೋ, ಅವಳು ಇವತ್ತಿಗೂ ಬಾಯಿಬಿಟ್ಟಿಲ್ಲ.