ಏರಿನ ಹಲಗೆ

ನಾನು ಸುಳ್ಳು ಹೇಳುವವಳಲ್ಲ. ಹೇಳಿದರೂ ರುಚಿಗೆ ಬೇಕಾದಷ್ಟೇ. ಮಾದಾಪುರದ ಕಾಫಿತೋಟದ ದೊರೆಯ ಬಂಗಲೆಯಲ್ಲಿ ಆಗ ನನಗೆ ಕಸಗುಡಿಸುವ ಕೆಲಸ. ತೀರಿಹೋದ ದೊರೆಸಾನಿಯ ಆಟದ ರೈಲೊಂದು ಅಲ್ಲಿತ್ತು. ಅವರಿದ್ದಾಗ ಕೀ ಕೊಟ್ಟರೆ ಹಲಗೆಯ ಏರು ಹತ್ತಿ ಇಳಿಯುತ್ತಿತ್ತು. ಕೈಲ್‌ಪೊಳ್ದು ಆಯುಧಹಬ್ಬಕ್ಕೆ ಕೊಡವರು ಕೋವಿಗೆ ಎಣ್ಣೆ ಹಚ್ಚುವರಲ್ಲ, ಹಾಗೆಂದು ನಾನು ಅದರ ಕಂಬಿಗೂ ಕೊಬ್ಬರಿ ಎಣ್ಣೆ ಬಳಿದೆ. ಚಕ್ರ ಗಿರ್ರನೆ ತಿರುಗಿತು, ಇಂಜಿನ್ ಮಾತ್ರ ಏರು ಹತ್ತಲಿಲ್ಲ.

"ಸಂಜೆ ಒಳಗೆ ಇದು ಹತ್ತದಿದ್ರೆ ನೀನು ಬೆಟ್ಟ ಇಳಿ" ಎಂದ ದೊರೆ. ನನಗೋ ಬೇರೆ ಸೂರಿಲ್ಲ.

ಬಟ್ಲರ್ ಕುಟ್ಟಪ್ಪ ನಕ್ಕ. "ಎಣ್ಣೆ ಹಚ್ಚಿದೋಳು ಸೀಗೆಪುಡೀಲಿ ತೊಳಿ, ಜವರಕ್ಕ."

"ನಿನ್ನ ಬೋಳುತಲೆಗೆ ಎರಡೂ ಬೇಡ ಬಿಡು" ಎಂದೆ.

ಕಂಬಿ, ಚಕ್ರ ಎರಡನ್ನೂ ಸೀಗೆಪುಡಿಯಲ್ಲಿ ತಿಕ್ಕಿ ಒರೆಸಿದೆ. ಆದರೂ ಜಾರಿತು.

"ಇಂಜಿನ್ ಹಗುರ ಕಣಕ್ಕ. ಏರಲ್ಲಿ ದೊರೆಸಾನಿ ಬೆರಳಿಟ್ಟು ಒತ್ತೋರು, ಆಗ ಚಕ್ರ ಕಂಬಿ ಹಿಡಿಯೋದು" ಎಂದ ಕುಟ್ಟಪ್ಪ.

ಅಷ್ಟು ಹೇಳುವಷ್ಟರಲ್ಲಿ ಕೋಣೆ ಬಾವಿಯೊಳಗಿನಂತೆ ತಣ್ಣಗಾಯಿತು. ಗಿರ್ರೆನ್ನುವ ಸದ್ದು ನಿಂತಿತು. ಯಾರೂ ಮುಟ್ಟದ ಇಂಜಿನ್ ಕಟಕಟನೆ ಮೆಲ್ಲಗೆ ಹತ್ತತೊಡಗಿತು. ಕೆಳಗಿನ ಹಲಗೆ ಕಿರ್ರೆಂದು ಬಗ್ಗಿತು. ಹೆದರಿ ಎತ್ತಹೋದೆ, ರುಬ್ಬುಗುಂಡಿನಷ್ಟು ಭಾರ! ತುದಿ ಮುಟ್ಟಿದ ಮೇಲೆ ಕಾಫಿ ಹೊಟ್ಟಿನಷ್ಟು ಹಗುರ.

ಬಾಗಿಲಲ್ಲಿ ನಿಂತಿದ್ದ ದೊರೆ "ಯಾರು ಒತ್ತಿದ್ದು?" ಎಂದ. ನಾನಲ್ಲ ಎಂಬಂತೆ ಕುಟ್ಟಪ್ಪ ತನ್ನೆರಡೂ ಕೈ ತೋರಿಸಿದ. ನನ್ನನ್ನು ಯಾರೂ ಬೆಟ್ಟ ಇಳಿಸಲಿಲ್ಲ.

ಆ ಹಲಗೆ ಈಗ ನನ್ನ ಮನೆಯಲ್ಲಿದೆ, ಗಟ್ಟಿ ಹೊನ್ನೆಮರದ್ದು. ನಾನೂ ಕುಟ್ಟಪ್ಪನೂ ಅದರ ಮೇಲೆ ನಿಂತು ಕುಣಿದರೂ ಒಂದು ಕೂದಲಿನಷ್ಟೂ ಬಗ್ಗುವುದಿಲ್ಲ. ಅಂದು ಬಗ್ಗಿದ ನಡುವಿನ ಆ ತಗ್ಗು ಮಾತ್ರ ಹಾಗೇ ಇದೆ.