ಒಣಕೋಣೆಯಲ್ಲಿ ಮೂರನೆಯ ಉಸಿರು

ಗಾಜಿನ ಗೋಡೆಯ ಆಚೆ ಅವರಿಬ್ಬರೂ ಮತ್ತೆ ನಗುತ್ತಿದ್ದರು.

ನಗುತ್ತಿದ್ದಾರೆಂದು ಕಂಪನಿಯ ಒಡತಿಗೆ ಗೊತ್ತಾದದ್ದು ಕಣ್ಣುಗಳಿಂದ. ತಲೆಯಿಂದ ಕಾಲಿನವರೆಗೆ ಬಿಳಿ ಗೌನು, ಬಾಯಿಗೆ ಮಾಸ್ಕು; ಕಾಣುವುದು ಕಣ್ಣಷ್ಟೇ. ಹೊಟ್ಟೆಗೆ ಕಿಚ್ಚು ಬೀಳಲು ಅಷ್ಟು ಸಾಕಾಗಿತ್ತು. ಹೊಸದಾಗಿ ಸೇರಿದ ಎಂಜಿನಿಯರ್ ಕತ್ತು ವಾಲಿಸಿ ಏನೋ ಕೇಳಿದಳು. ಪುಡಿರಾಯ ಅವಳ ಕೈಗವಸಿನ ಅಂಚು ಎಳೆದು ಸರಿಮಾಡಿದ. ನಿಧಾನವಾಗಿ. ಬೇಕಾದ್ದಕ್ಕಿಂತ ನಿಧಾನವಾಗಿ.

ಬ್ಯಾಟರಿಯೊಳಗೆ ಹೋಗುವ ಕಪ್ಪು ಪುಡಿ ತಯಾರಿಸುವುದು ಈ ಕಂಪನಿಯ ಕೆಲಸ. ಅದನ್ನು ಹದಕ್ಕೆ ತರುವ ತಾಂತ್ರಿಕ ಮುಖ್ಯಸ್ಥನಿಗೆ ಎಲ್ಲರೂ ಇಟ್ಟ ಹೆಸರು ಪುಡಿರಾಯ. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವನು. ಒಂದೇ ಕುಲುಮೆ ಇದ್ದ ಬಾಡಿಗೆ ಶೆಡ್ಡಿನ ಕಾಲದಿಂದ ಒಡತಿಯ ಜೊತೆಗಿದ್ದಾನೆ. ಆ ಪುಡಿಗೆ ತೇವ ಅಂದರೆ ಆಗದು. ಮನುಷ್ಯರ ಉಸಿರು, ಬೆವರು ಕೂಡ ತೇವವೇ. ಅದಕ್ಕೇ ಒಣಕೋಣೆಯೊಳಗೆ ಒಂದು ಸಲಕ್ಕೆ ಇಬ್ಬರೇ ಇರಬೇಕೆಂಬ ನಿಯಮ. ನಿಯಮ ಮಾಡಿದವಳು ಸ್ವತಃ ಒಡತಿ. ಆ ಇಬ್ಬರಲ್ಲಿ ಒಬ್ಬಳು ಯಾವಾಗಲೂ ತಾನೇ ಎಂದು ನಂಬಿಕೊಂಡಿದ್ದಳು, ಪೆದ್ದಿ.

"ಹಾಗೆ ಉರಿಗಣ್ಣು ಬಿಡಬೇಡ, ಗಾಜು ಕರಗೀತು," ಹಿಂದಿನಿಂದ ಅಕ್ಕನ ದನಿ ಬಂತು. ಕಂಪನಿಯ ಹಣಕಾಸು ನೋಡುವವಳು ಅಕ್ಕ. ತಂಗಿಯ ಮುಖ ನೋಡುವುದೂ ಅವಳದೇ ಇಲಾಖೆ.

"ಕೆಲಸ ನೋಡ್ತಿದೀನಿ."

"ಯಾರ ಕೆಲಸ?"

"ವಾರ ಪೂರ್ತಿ ಅವರಿಬ್ರೇ ಒಳಗೆ. ನನ್ನ ಜೊತೆ ಒಂದು ಕಾಫಿ ಕುಡಿಯೋಕೆ ಪುರುಸೊತ್ತಿಲ್ಲ ಆ ಮನುಷ್ಯನಿಗೆ."

"ಇಷ್ಟ ಅಂತ ಹೇಳಿಬಿಡು, ಮುಗೀತು."

"ನಾನು ಬಾಸು ಕಣೇ. ನಾನು ಕೇಳಿದ್ರೆ ಬೇಡ ಅನ್ನೋಕಾಗುತ್ತಾ ಅವರಿಗೆ? ಹೆದರಿಕೊಂಡು ಹೂಂ ಅಂದ್ರೆ ಅದು ಒಪ್ಪಿಗೆನಾ?"



ಅಷ್ಟರಲ್ಲಿ ಆಚೆ ಹೊಸಬಳು ಪುಡಿರಾಯನ ತೋಳು ಹಿಡಿದುಕೊಂಡಳು. ಹಿಡಿದವಳು ಬಿಡಲೇ ಇಲ್ಲ. ಒಡತಿಗೆ ತಡೆಯಲಾಗಲಿಲ್ಲ. ಗೌನು ಏರಿಸಿ, ಎರಡು ಬಾಗಿಲು ದಾಟಿ, ತಾನೇ ಮಾಡಿದ ನಿಯಮ ಗಾಳಿಗೆ ತೂರಿ ಒಳಗೆ ನುಗ್ಗಿದಳು.

ಮೂರನೆಯ ಉಸಿರು, ಅದೂ ಏದುಸಿರು. ತೇವದ ಮೀಟರು ಸರಸರನೆ ಏರಿ ಅಲಾರಂ ಕಿರುಚತೊಡಗಿತು.

"ಯಾರ್ರೀ ಅದು?" ಗದರಿಕೊಂಡು ತಿರುಗಿದ ಪುಡಿರಾಯ ಪುಡಿಯ ಡಬ್ಬಿಗೆ ಮುಚ್ಚಳ ಒತ್ತಿದ. ಆಮೇಲೆ ಕಣ್ಣು ನೋಡಿ ಗುರುತು ಹಿಡಿದ. "ಮೇಡಂ! ನೀವಾ?"

"ಏನು ನಡೀತಿದೆ ಇಲ್ಲಿ?"

ಹೊಸಬಳೇ ಉತ್ತರ ಕೊಟ್ಟಳು. "ಕೆಲಸ ಬಿಡಬೇಡಿ ಅಂತ ಸರ್‌ನ ಬೇಡ್ಕೊಳ್ತಿದ್ದೆ ಮೇಡಂ. ನನ್ನ ಮಾತು ಕೇಳ್ತಿಲ್ಲ, ನೀವೇ ಹೇಳಿ." ಅಷ್ಟು ಹೇಳಿ ಹೊರಗೆ ನಡೆದಳು.

ಒಡತಿ ಪುಡಿರಾಯನತ್ತ ತಿರುಗಿದಳು. "ಕೆಲಸ ಬಿಡ್ತೀರಾ?"

"ಅದಕ್ಕೇ ಅವರಿಗೆ ಎಲ್ಲಾ ಕಲಿಸ್ತಿದ್ದೆ. ನಾನು ಹೋದ ಮೇಲೆ ನಿಮಗೆ ಕಷ್ಟ ಆಗಬಾರದಲ್ಲ."

ಅವಳ ಕಣ್ಣು ತುಂಬಿಕೊಂಡಿತು.

"ಅಯ್ಯೋ, ಇಲ್ಲಿ ಅಳಬೇಡಿ! ಪುಡಿ ಹಾಳಾಗುತ್ತೆ!"

"ಹಾಳಾಗ್ಲಿ!"

ಪುಡಿಯ ಬಗ್ಗೆ ಅವಳ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಪುಡಿರಾಯನಿಗೂ ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

"ಕೈಕೆಳಗಿನವನು ಬಾಸನ್ನ ಮದುವೆ ಆಗ್ತೀರಾ ಅಂತ ಕೇಳಿದ್ರೆ, ಕಂಪನಿ ಮೇಲೆ ಕಣ್ಣು ಅಂತಾರೆ ಜನ. ಮೊದಲು ಕೆಲಸ ಬಿಟ್ಟು, ಆಮೇಲೆ ಕೇಳೋಣ ಅಂತಿದ್ದೆ."

"ನಾನು ಒಲ್ಲೆ ಅಂದಿದ್ರೆ?"

"ಎರಡೂ ಹೋಗ್ತಿತ್ತು."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ತಾನು ಹೇಳಲಾರದೆ ಒದ್ದಾಡಿದ ಮಾತನ್ನೇ ಇವನೂ ನುಂಗಿಕೊಂಡು ಕೂತಿದ್ದನಲ್ಲ!

"ಕೆಲಸ ಬಿಟ್ರೆ ದಿನಾ ನಿಮ್ಮನ್ನ ಎಲ್ಲಿ ನೋಡಲಿ ನಾನು?"

"ಮನೇಲಿ," ಅಂದ. ಪುಡಿಯ ವಿಚಾರ ಬಿಟ್ಟರೆ ಅವನು ಅಷ್ಟು ಬೇಗ ಉತ್ತರ ಕೊಟ್ಟದ್ದು ಇದೇ ಮೊದಲು.

ಒಡತಿ ಅವನ ಮಣಿಕಟ್ಟು ಹಿಡಿದುಕೊಂಡಳು. "ಹಾಗಾದ್ರೆ ಇವತ್ತೇ ರಾಜೀನಾಮೆ ಕೊಟ್ಟುಬಿಡಿ."

"ಕೊಡ್ತೀನಿ. ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋಕೆ ಕರೆದಿದಾರೆ."

ಹಿಡಿದ ಕೈ ಬಿಗಿಯಾಯಿತು.

"ಹುಡುಗೀರ ಕಾಲೇಜಾ?" ಎಂದಳು.