ಚಳಿಗಾಲದ ಕೊಂಬೆ

ಚೀನಾದ ಪಿಂಗಾಣಿ ಊರಾದ ಜಿಂಗ್‌ದೆಝೆನ್‌ನಲ್ಲಿ ಶಾವ್‌ಪೆಂಗ್ ಹೂದಾನಿಯ ಮೇಲೊಂದು ತಾವರೆ ಬರೆದರೆ ಸಾಕು, ನದಿಯಾಚೆಯ ಕಪ್ಪೆಗಳೆಲ್ಲ ಈಜಿ ಬಂದು ಅದರ ಎಲೆ ಏರಲು ಹೋಗಿ, ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿದ್ದವು. ಹಾಗೆಂದು ಚಹಾದಂಗಡಿಯಲ್ಲಿ ಅವನೇ ಹೇಳುತ್ತಿದ್ದ. ಅವನಿಗೆ ಕಸುಬು ಕಲಿಸುತ್ತಿದ್ದ ಫಾಂಗ್ ಗುರುಗಳು ಮಾತ್ರ ಒಪ್ಪುತ್ತಿರಲಿಲ್ಲ.

"ತಾವರೆಯೇನೋ ಇದು? ಎಲೆಕೋಸು! ಹೂದಾನಿಗೆ ಒತ್ತೋ ನನ್ನ ಹೆಸರಿನ ಮುದ್ರೆ ನಿನ್ನ ಕೈಗೆ ಬರಬೇಕಾದ್ರೆ ನಾನು ಸಾಯ್ಬೇಕು, ತಿಳ್ಕೋ," ಎಂದು ಎಲ್ಲರೆದುರು ನಕ್ಕಿದ್ದರು.

ಅರ್ಧ ಆಯುಸ್ಸು ಅವರಿಗಾಗಿ ಬಣ್ಣ ಅರೆದಿದ್ದ ಹಿರಿಯ ಶಿಷ್ಯ ಶಾವ್‌ಪೆಂಗ್ ಆ ಮಾತನ್ನು ಅಪ್ಪಣೆಯೆಂದೇ ತೆಗೆದುಕೊಂಡ.

ಉಪಾಯ ಅವನ ಕುಂಚದಷ್ಟೇ ನಯವಾಗಿತ್ತು. ಗುರುಗಳ ಕೋಣೆಯಲ್ಲಿ ಋತುವಿಗೊಂದು ಹೂವಿನಂತೆ ಬರೆಯುತ್ತಿದ್ದ ನಾಲ್ಕು ಋತುಗಳ ಹೂದಾನಿಯೊಂದಿತ್ತು. ಸಿರಿಯ ಸಂಕೇತವಾದ ಪಿಯೊನಿ ಹೂ, ಕೆಸರು ಅಂಟದ ತಾವರೆ, ದೀರ್ಘಾಯುಷ್ಯದ ಸೇವಂತಿಗೆ ಮುಗಿದಿದ್ದವು; ಹಿಮದಲ್ಲೂ ಅರಳುವ ಪ್ಲಮ್ ಕೊಂಬೆ ಬಾಕಿಯಿತ್ತು. ಕಸುಬಿನ ಗುಟ್ಟು ಶಿಷ್ಯರಿಗೆ ಸಿಗದಿರಲೆಂದು ಗುರುಗಳು ಬಾಗಿಲು ಹಾಕಿಕೊಂಡೇ ಬರೆಯುತ್ತಿದ್ದರು. ಅವರ ಹೆಂಡತಿ ಕ್ವೇಲಾನ್ ಒಬ್ಬರೇ ಚಹಾ ಹಿಡಿದು ಒಳಗೆ ಹೋಗುತ್ತಿದ್ದರು. ಆದರೆ ಗೂಡಿನಿಂದ ಬೆಂದು ಬಂದ ಹೂಗಳನ್ನು ನೋಡಿ ನೋಡಿಯೇ ಶಾವ್‌ಪೆಂಗ್ ಆ ಕೈಚಳಕವನ್ನು ಕದ್ದಿದ್ದ.

ಕ್ವೇಲಾನ್ ತವರಿಗೆ ಹೋದ ದಿನ, ಮಧ್ಯಾಹ್ನ ಮಲಗಿದ್ದ ಗುರುಗಳ ಮುಖಕ್ಕೆ ದಿಂಬು ಒತ್ತಿದ. ಮುದಿಜೀವ, ಹೆಚ್ಚು ಒದ್ದಾಡಲಿಲ್ಲ. ಆಮೇಲೆ ಗುಲಾಬಿ ಬಣ್ಣಕ್ಕೆ ಎಣ್ಣೆ ಧಾರಾಳವಾಗಿ ಬೆರೆಸಿ, ಗುರುಗಳ ಶೈಲಿಯಲ್ಲೇ ಪ್ಲಮ್ ಕೊಂಬೆ ಬರೆದ. ಎಣ್ಣೆ ಹೆಚ್ಚಾದ ಬಣ್ಣ ಸಂಜೆಯಾದರೂ ಆರದು. ಹಸಿ ಹೂವೇ ಸಾಕ್ಷಿ: ಗುರುಗಳು ಈಗಷ್ಟೇ ಬರೆಯುತ್ತಿದ್ದರು, ಶಾವ್‌ಪೆಂಗನೋ ಮಧ್ಯಾಹ್ನದಿಂದ ಚಹಾದಂಗಡಿಯಲ್ಲಿದ್ದ! ಹೆಣವನ್ನು ಕುರ್ಚಿಗೊರಗಿಸಿ, ಬೆರಳಿಗೆ ಕುಂಚ ಸಿಕ್ಕಿಸಿ, ಸಿಳ್ಳೆ ಹಾಕುತ್ತ ಹೊರಟ.

ಸಂಜೆ ತವರಿನಿಂದ ಮರಳಿದ ಕ್ವೇಲಾನ್ ಕೂಗಿಗೆ ಬೀದಿಯೇ ಓಡಿಬಂತು. ಬೀದಿಯ ಹಿರಿಯ ವಾನ್ ಎಸಳಿಗೆ ಬೆರಳು ತಾಗಿಸಿದ. "ಇನ್ನೂ ಹಸಿ! ಬರೀತಾ ಬರೀತಾನೇ ಎದೆ ನಿಂತಿದೆ. ಪುಣ್ಯದ ಸಾವು ಕಣಮ್ಮಾ."

"ಅಯ್ಯೋ ಗುರುಗಳೇ!" ಶಾವ್‌ಪೆಂಗ್ ಎದೆ ಬಡಿದುಕೊಂಡ. ಅಳು ಅವನೆಣಿಸಿದ್ದಕ್ಕಿಂತ ಚೆನ್ನಾಗಿಯೇ ಬಂತು.

ಕ್ವೇಲಾನ್ ಹೂದಾನಿಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಇವರಿಗೆ ಹತ್ತಿರದ್ದು ಕಾಣಿಸದೆ ವರ್ಷಗಳಾದ್ವು, ವಾನ್ ಅಣ್ಣಾ. ಕುಂಚದ ತುದೀನೇ ಕಾಣ್ತಿರಲಿಲ್ಲ. ಹೆಂಗಸು ಬರೆದದ್ದು ಅಂದ್ರೆ ಯಾರು ಕೊಳ್ತಾರೆ ಅಂತ ಬಾಗಿಲು ಹಾಕ್ಕೊಂಡು ನಾನೇ ಬರೀತಿದ್ದೆ. ಈ ಮೂರು ಹೂವೂ ನನ್ನವು. ಇವತ್ತು ನಾನು ತವರಲ್ಲಿದ್ದೆ. ಈ ಕೊಂಬೆ ಬರೆದವರ್ಯಾರು?" ಅಷ್ಟು ಜನರ ಕಣ್ಣೂ, ತನ್ನ ಕುಂಚದ ಬಗ್ಗೆ ಊರೆಲ್ಲ ಜಂಬ ಕೊಚ್ಚುತ್ತಿದ್ದ ಒಬ್ಬನ ಕಡೆಗೇ ತಿರುಗಿದವು. ಶಾವ್‌ಪೆಂಗ್ ಒಂದು ಕತೆ ಹುಡುಕಿದ, ಸಿಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಒಗ್ಗರಣೆಯಿಲ್ಲದ ಮಾತು ಅವನ ಬಾಯಿಂದ ಬಂತು: "ನಾನೇ, ಅಮ್ಮಾ. ದಿಂಬು ಒತ್ತಿದ್ದೂ ನಾನೇ."